ಒಂದು ಬಡಿದರೆ ಬಿಸಿ, ಎರಡು ಬಡಿದರೆ ತಣ್ಣಗೆ

ಜನವರಿ 6, ಸೋಮವಾರ. ಬೆಳಿಗ್ಗೆ 6.40

ಮತ್ತೆ ಅದೇ. ಅತ್ತೆ ಷವರ್ ಕೆಳಗೆ ನಿಂತಿದ್ದಾಗ, ಹದವಾಗಿದ್ದ ನೀರು ಇದ್ದಕ್ಕಿದ್ದಂತೆ ಸುಡಸುಡ ಬಂತಂತೆ. ಎಡ ಭುಜ ಕೆಂಪಗಾಗಿದೆ. ಕೂಗಲೂ ಇಲ್ಲ, ಪುಣ್ಯಾತ್ಗಿತ್ತಿ. ಸ್ನಾನಕ್ಕೆ ಹೋದ ಮೇಲೆ ಲಿಂಗಪೂಜೆ ಮುಗಿಯುವ ತನಕ ಮಾತಾಡುವುದಿಲ್ಲ ಎಂದು ಮಠದಲ್ಲಿ ಮಾತು ಕೊಟ್ಟು ಮೂವತ್ತು ವರ್ಷವಾಯಿತು. ಪೂಜೆ ಮುಗಿಸಿ ಬಂದು ಹೇಳಿದ್ದು ಒಂದೇ ಮಾತು—

"ನಿನ್ನ ಷವರ್ ನೀನೇ ಇಟ್ಕೋ ಕಣೇ."

ನನ್ನ ಷವರ್! ಹೌದು, ಹಂಡೆ ಒಲೆ ತೆಗೆಸಿದ್ದು, ಮೂರು ಬಾತ್‌ರೂಮಿಗೂ ಅಡುಗೆಮನೆಗೂ ಸೇರಿ ಒಂದೇ ದೊಡ್ಡ ಗೀಸರ್ ಹಾಕಿಸಿದ್ದು ನಾನೇ. ಹಂಡೆ ಇದ್ದ ಹಿತ್ತಲ ಕೋಣೆಯಲ್ಲಿ ಈಗ ನನ್ನ ಟ್ಯೂಷನ್. ಮಾದಿಹಳ್ಳಿಯಿಂದ ಬಸ್ಸು ಹತ್ತಿ ಬರುವ ಹನ್ನೊಂದು ಹುಡುಗಿಯರು. ಎಲ್ಲರೂ ಹತ್ತನೇ ಕ್ಲಾಸು.

ಮಾವ ತೀರ್ಪು ಕೊಟ್ಟಾಯಿತು. "ಹಂಡೇನೇ ಸರಿ ಕಣಮ್ಮ. ಹಬ್ಬ ಕಳೀಲಿ, ಹದಿನಾರಕ್ಕೆ ಗಾರೆಯೋರು ಬತ್ತಾರೆ. ಒಲೆ ಮತ್ತೆ ಅಲ್ಲೇ."

ಪರೀಕ್ಷೆಗೆ ಎರಡೂವರೆ ತಿಂಗಳು. ಹುಡುಗಿಯರನ್ನು ಎಲ್ಲಿ ಕೂರಿಸಲಿ?

ಜನವರಿ 7. ಸಂಜೆ

ಪ್ಲಂಬರ್ ಚನ್ನೇಶ್ ಬಂದಿದ್ದ. ಗೀಸರ್ ತಟ್ಟಿ ನೋಡಿ, "ಥರ್ಮೋಸ್ಟ್ಯಾಟ್ ಹೋಗೈತೆ ಮೇಡಂ" ಅಂದ. ಹೊಸದು ಹಾಕಿದ. ಟ್ಯೂಷನ್ ಹುಡುಗಿಯರ ಪ್ರಯೋಗಕ್ಕೆಂದು ಇಟ್ಟಿದ್ದ ಥರ್ಮಾಮೀಟರ್ ಹಿಡಿದು ಷವರ್ ಪಕ್ಕ ಅರ್ಧ ಗಂಟೆ ನಿಂತೆ. ಒಂದೇ ಸಮ. ಗೆದ್ದೆ!

ಜನವರಿ 8. 6.50

ಗೆದ್ದಿಲ್ಲ. ಇವತ್ತು ಮೊದಲು ಸುಟ್ಟು, ಆಮೇಲೆ ಕೊರೆಯುವಷ್ಟು ತಣ್ಣಗಾಯಿತಂತೆ. ಅರಸೀಕೆರೆಯ ಕೊಬ್ಬರಿ ಅಂಗಡಿಗೆ ಹೊರಟಿದ್ದ ರಾಜಶೇಖರ್, "ಬಿಟ್ಬಿಡು ಶಿಲ್ಪಾ, ಅಪ್ಪನ ಹತ್ರ ಯಾಕೆ ಜಿದ್ದು?" ಅಂದರು. ಕಟ್ಟಿಕೊಂಡ ಗಂಡನೇ ಹೀಗಂದರೆ!

ಬಿಡುವುದಿಲ್ಲ. ಸಂಜೆ ಸರಿಯಿರುವ ನೀರು ಬೆಳಿಗ್ಗೆ ಮಾತ್ರ ಕೆಡುತ್ತದೆ. ಅಂದರೆ ಕೆಟ್ಟಿರುವುದು ಗೀಸರ್ ಅಲ್ಲ. ಆರರ ಹೊತ್ತಿಗೆ ಈ ಮನೆಯಲ್ಲಿ ಯಾರೋ ಏನೋ ಮಾಡುತ್ತಿದ್ದಾರೆ.

ಜನವರಿ 11. ಸಂಜೆ

ಯಾರು ಯಾವಾಗ ಏನು ಮಾಡಿದರು—ಮೂರು ದಿನ ಬರೆದೆ. ತಲೆಬುಡ ಇಲ್ಲ. ನೀರು ಕೆಟ್ಟ ಕ್ಷಣ ಒಳಗಿದ್ದವರಿಗೇ ಗೊತ್ತು. ಒಳಗಿದ್ದವರು ಮಾತಾಡುವುದಿಲ್ಲ.

ಕೊನೆಗೆ ಅತ್ತೆಯ ಪಕ್ಕ ಹೋಗಿ ಕೂತೆ. "ಮಾತು ಬೇಡ ಅತ್ತೆ. ಚೊಂಬು ಬಡೀರಿ. ಬಿಸಿಯಾದ್ರೆ ಒಂದು, ತಣ್ಣಗಾದ್ರೆ ಎರಡು. ಬಡಿದು ಪಕ್ಕಕ್ಕೆ ಸರ್ಕೊಳ್ಳಿ."

"ಚೊಂಬು ಬಡಿದ್ರೆ ಮಾತಾಡ್ದಂಗೆ ಆಗಲ್ವೇನೇ?"

"ಪೂಜೇಲಿ ಗಂಟೆ ಬಾರಿಸ್ತೀರಲ್ಲ, ಅದು ಮಾತಾ?"

ನಕ್ಕುಬಿಟ್ಟರು. ಐದು ದಿನದ ಮೇಲೆ ನನ್ನ ಮುಖ ನೋಡಿ ನಕ್ಕರು.

ಜನವರಿ 12, ಭಾನುವಾರ. 7.00

ಸಿಕ್ಕಿತು!

5.52—ಅತ್ತೆ ಒಳಗೆ. ನಾನು ಹಿತ್ತಲಲ್ಲಿ, ಈ ಡೈರಿ ಹಿಡಿದು. 5.58—ಮಾವ ಬಂದು ತೆಂಗಿನ ಸಸಿಗಳ ನಲ್ಲಿ ಪೂರ್ತಿ ತಿರುಗಿಸಿದರು.

ಠಣ್!

"ಮಾವ, ನಿಲ್ಸಿ!" ನಿಲ್ಲಿಸಿದರು. ಒಂದು ನಿಮಿಷ ಬಿಟ್ಟು, "ಈಗ ಬಿಡಿ."

ಠಣ್!

ಮಾವ ಈ ಸಲ ತಾವೇ ನಲ್ಲಿ ಮುಚ್ಚಿದರು. ಮನೆ ಕಟ್ಟುವಾಗ, ಗೋಡೆಗೆ ಇನ್ನೊಂದು ತೂತು ಯಾಕೆ ಎಂದು ಸಸಿ ನಲ್ಲಿಯನ್ನು ಬಾತ್‌ರೂಮಿನ ತಣ್ಣೀರು ಪೈಪಿಗೇ ಸೇರಿಸಿದ್ದು ಇವರೇ. ನಲ್ಲಿ ಬಿಟ್ಟರೆ ತಣ್ಣೀರೆಲ್ಲ ಸಸಿಗೆ, ಅತ್ತೆಗೆ ಬರೀ ಬಿಸಿನೀರು. ನನಗೆ ಕುಣಿಯುವ ಹಾಗಾಯಿತು.

ಅಷ್ಟರಲ್ಲಿ—ಠಣ್ ಠಣ್.

ಅಡುಗೆಮನೆಗೆ ಓಡಿದೆ. ನಾನು ದಿನಾ ಮಾಡುವ ಕೆಲಸ ಇವತ್ತು ರಾಜಶೇಖರ್‌ಗೆ ಹೇಳಿದ್ದೆ. ನನ್ನ ಹಾಗೇ ಬಿಸಿನೀರಿನ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು. ಛೇ! ತಣ್ಣಗೆ ಮಾಡುತ್ತಿದ್ದವಳು ನಾನೇ.

ಪೂಜೆ ಮುಗಿಸಿ ಬಂದ ಅತ್ತೆ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡರು. "ಸುಟ್ಟೋರು ನೀವು, ನಡುಗ್ಸಿದೋಳು ಇವ್ಳು. ಬೈಸ್ಕೊಂಡಿದ್ದು ಪಾಪ, ಆ ಗೀಸರು."

ಜನವರಿ 16. ಸಂಜೆ

ಗಾರೆಯವರು ಬಂದರು. ಕೋಣೆಗಲ್ಲ! ಮಾವನೇ ಮುಂದೆ ನಿಂತು ಗೋಡೆಗೆ ತೂತು ಹೊಡೆಸಿದರು. ಚನ್ನೇಶ್ ಟ್ಯಾಂಕಿನಿಂದಲೇ ಸಸಿಗೆ ಬೇರೆ ಪೈಪ್ ಎಳೆದ. ಅಡುಗೆಮನೆಗೆ ಪುಟ್ಟ ಗೀಸರ್ ಬೇರೆ. ಹೋಗುವಾಗ, "ನಿಮ್ಮ ಚೊಂಬಿನ ಟೆಸ್ಟ್ ನಾನೂ ಮಾಡ್ತೀನಿ ಮೇಡಂ" ಅಂದ. ಮಾಡಲಿ.

ಜನವರಿ 17, ಶುಕ್ರವಾರ. 7.10

ಅತ್ತೆ ಒಳಗೆ ಹೋದರು. ಮಾವ ಸಸಿ ನಲ್ಲಿ ಪೂರ್ತಿ ಬಿಟ್ಟರು. ನಾನು ಅಡುಗೆಮನೆಯದು. ರಾಜಶೇಖರ್ ಮೇಲಿನ ಎರಡೂ ಬಾತ್‌ರೂಮಿನ ನಲ್ಲಿಗಳನ್ನು. ಐದು ನಿಮಿಷ. ಹತ್ತು. ಸದ್ದಿಲ್ಲ.

ಆಮೇಲೆ—ಠಣ್ ಠಣ್ ಠಣ್.

ಮೂರು! ಬಾತ್‌ರೂಮಿನ ಬಾಗಿಲಿಗೆ ಓಡಿದೆ. ಪೂಜೆ ಮುಗಿಯುವ ತನಕ ಕೇಳುವ ಹಾಗೂ ಇಲ್ಲ. ಇಪ್ಪತ್ತು ನಿಮಿಷ ಜೀವ ಕೈಯಲ್ಲಿ.

"ಮೂರು ಯಾಕೆ ಅತ್ತೆ? ಏನಾಯ್ತು?"

"ಹದವಾಗೈತೆ ಅನ್ನಕ್ಕೆ ನೀನು ಏನೂ ಹೇಳ್ಕೊಟ್ಟಿರ್ಲಿಲ್ವಲ್ಲೇ!" ಗಲ್ಲ ಹಿಂಡಿದರು. "ನಿನ್ನ ಷವರ್ ವಾಪಸ್ ಕೊಡಲ್ಲ, ಹೋಗು."

ಹುಡುಗಿಯರು ಬಂದು ಹಿತ್ತಲ ಕೋಣೆಯಲ್ಲಿ ಕೂತಿದ್ದಾರೆ. ಹೋಗಬೇಕು. ಆದರೆ ಈಗ ಒಳಗೆ ಮಾವ. ಅವರಿಗೆ ಮೌನವೂ ಇಲ್ಲ, ಗೀನವೂ ಇಲ್ಲ, ಆದರೂ ಚೊಂಬು ಕೇಳಿ ಇಸಿದುಕೊಂಡು ಹೋಗಿದ್ದಾರೆ. ಠಣ್. ಠಣ್. ಇನ್ನೊಂದು, ಮಾವ, ಇನ್ನೊಂ—