ಬಸ್ ಸ್ಟ್ಯಾಂಡಿನಲ್ಲಿ ದೊಡ್ಡವ್ವನ ಮುಖ

ತಿ. ನರಸೀಪುರ
15 ಫೆಬ್ರವರಿ 2024, ಗುರುವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಅರ್ಪಿತಳ ನಮಸ್ಕಾರ. ನಿನ್ನ ಬೆನ್ನುನೋವು ಹೇಗಿದೆ? ಶಿವಾನಿಯ ಹಲ್ಲುನೋವು ಕಡಿಮೆಯಾಯಿತೇ? ಮಗುವಿಗೆ ರಾತ್ರಿ ಸಿಹಿ ಕೊಡಬೇಡಿ ಎಂದು ಅತ್ತಿಗೆಗೆ ಹೇಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಕೈ ಏಳುತ್ತಿಲ್ಲ. ಹೋದ ವಾರ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ "ಮೀಟಿಂಗ್ ಇದೆ, ಆಮೇಲೆ ಮಾತಾಡೋಣ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಆ 'ಆಮೇಲೆ' ಇನ್ನೂ ಬಂದಿಲ್ಲ. ಕಾಗದವನ್ನಾದರೂ ಪೂರ್ತಿ ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ನಿಮ್ಮ ಸಂಸ್ಥೆಯವರು ದೇವನೂರಿಗೆ ಬಂದಿದ್ದರಲ್ಲ, ಮನೆಮನೆಗೆ ಗ್ಯಾಸ್ ಬಂದ ಮೇಲೂ ಹೆಂಗಸರು ಸೌದೆ ಯಾಕೆ ಉರಿಸುತ್ತಾರೆ ಎಂದು ಕೇಳಿಕೊಂಡು. ಸರ್ವೆಗೆ ಇಬ್ಬರು ಹುಡುಗಿಯರು, ಜೊತೆಗೆ ಒಬ್ಬ ಫೋಟೋಗ್ರಾಫರ್. ನೀನು ಕಳಿಸಿದವರು ಎಂದ ಕೂಡಲೇ ದೊಡ್ಡವ್ವ ಜಗಲಿಗೆ ಚಾಪೆ ಹಾಕಿ, ಉಪ್ಪಿಟ್ಟು ಕಾಫಿ ಮಾಡಿಕೊಟ್ಟಳಂತೆ. ಮಾಡಿದ್ದು ಗ್ಯಾಸ್ ಒಲೆಯ ಮೇಲೆ. ತಿಂದು ಕೈ ತೊಳೆದ ಮೇಲೆ ಆ ಫೋಟೋದವನು ಅಡುಗೆಮನೆ ಇಣುಕಿ, ಇಲ್ಲಿ ಬೇಡ ಅಂದನಂತೆ. ಹಿತ್ತಿಲಿನಲ್ಲಿ ಸ್ನಾನದ ನೀರು ಕಾಯಿಸುವ ಒಲೆ ಇದೆಯಲ್ಲ, ಅದರ ಮೇಲಿನ ಹಂಡೆ ಇಳಿಸಿ ಅನ್ನದ ಪಾತ್ರೆ ಇಡಿ ಅಂದನಂತೆ. "ನೀರೊಲೆ ಮ್ಯಾಲೆ ಯಾರಪ್ಪ ಅನ್ನ ಮಾಡ್ತಾರೆ? ಒಳಗೆ ಗ್ಯಾಸ್ ಅದಲ್ಲ" ಎಂದು ದೊಡ್ಡವ್ವ ನಕ್ಕಳಂತೆ. "ಮಲ್ಲಿಕಾರ್ಜುನ್ ಸಾರ್ ಕೆಲಸಕ್ಕೇ ಅಜ್ಜಿ ಇದು" ಅಂದ. ಅಷ್ಟೇ ಸಾಕಾಯಿತು. ಉಟ್ಟಿದ್ದ ಒಳ್ಳೆ ಸೀರೆ ಬಿಚ್ಚಿ, ಕೊಟ್ಟಿಗೆ ಗುಡಿಸುವಾಗ ಉಡುವ ಹರಕು ಸೀರೆ ಉಟ್ಟು ಬಂದಳು. ಹೊಗೆ ಬರಲೆಂದು ಅವನೇ ಹಸಿ ತೆಂಗಿನ ಗರಿ ತುರುಕಿದ. ಊದಿ ಊದಿ ಅವಳ ಕಣ್ಣಲ್ಲಿ ನೀರು ಬಂದಾಗ ಕ್ಲಿಕ್ಕಿಸಿಕೊಂಡು ಹೋದ. ಇದನ್ನೆಲ್ಲ ದೊಡ್ಡವ್ವ ಸಂಕ್ರಾಂತಿಯಲ್ಲಿ ನನಗೆ ಎಳ್ಳುಬೆಲ್ಲ ಕೊಡುತ್ತ ತಮಾಷೆ ಎಂಬಂತೆ ಹೇಳಿದ್ದಳು. ನಾನೂ ನಕ್ಕಿದ್ದೆ.

ಹೋದ ವಾರ ಸೋಮವಾರ ಅವಳು ನಂಜುಂಡೇಶ್ವರನ ದರ್ಶನಕ್ಕೆಂದು ನಂಜನಗೂಡಿಗೆ ಬಂದಳು. ಬಸ್ ಇಳಿದು ನೋಡಿದರೆ ಎದುರಿನ ಬೇಲಿಯ ಮೇಲೆ ಅವಳೇ. ಆಳೆತ್ತರದ ಫ್ಲೆಕ್ಸು. ಅವಳಿಗೆ ಓದು ಬಾರದು, ನಿನಗೆ ಗೊತ್ತು. ಮೊದಲು ಖುಷಿಯಾಯಿತಂತೆ ಅಣ್ಣಾ. ಮಲ್ಲಿ ನನ್ನ ಪಟ ಊರಿಗೆಲ್ಲ ಕಾಣುವ ಹಾಗೆ ಹಾಕಿಸಿದ್ದಾನೆ ಎಂದು ಸೆರಗು ಸರಿಮಾಡಿಕೊಂಡು, ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು "ಏನ್ ಬರ್ದವ್ರೆ, ವಸಿ ಓದವ್ವ" ಎಂದು ಕೇಳಿದಳಂತೆ. ಆ ಹುಡುಗಿ ಜೋರಾಗಿ ಓದಿದಳು: "ಈ ತಾಯಿ ಇನ್ನೂ ಬದಲಾಗಿಲ್ಲ. ನೀವು?" ಕೆಳಗಿನ ಸಾಲು: "ಅಜ್ಞಾನದ ಹೊಗೆ ಬಿಡಿ." ಓದಿ ಮುಗಿಸಿ ಇವಳ ಮುಖ ನೋಡಿ, ಪಟ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳಂತೆ. ಅಷ್ಟರಲ್ಲಿ ನಮ್ಮೂರಿನ ಪುಟ್ಟಬಸವಯ್ಯ ಎದುರಾಗಿ, "ಏನ್ ಜವರಮ್ಮ, ನಿಮ್ಮನೇಲಿ ಇನ್ನೂ ಗ್ಯಾಸ್ ಇಲ್ವಾ? ನಿನ್ ಮಗ ರುದ್ರೇಶ ಏನ್ ಕಡಿದು ಗುಡ್ಡೆ ಆಕ್ತಾವ್ನೆ?" ಎಂದು ನಾಲ್ಕು ಜನರ ಮುಂದೆ ನಕ್ಕ. ಅವಳು ದೇವಸ್ಥಾನಕ್ಕೆ ಹೋಗಲಿಲ್ಲ. ಸಿಕ್ಕಿದ ನರಸೀಪುರದ ಬಸ್ ಹತ್ತಿ ನನ್ನ ಮನೆಗೆ ಬಂದಳು. ಕೈಯಲ್ಲಿ ಹಣ್ಣುಕಾಯಿ ಚೀಲ ಹಾಗೇ ಇತ್ತು. ಬಾಗಿಲಲ್ಲೇ ಕೂತು, "ನಾನು ಬದ್ಲಾಗಿಲ್ವಂತೆ ಕಣವ್ವ" ಅಂದಳು. ಅಷ್ಟೇ.

ಅಣ್ಣಾ, ಅವಳು ಬದಲಾಗಿಲ್ಲವೇ? ನಮ್ಮ ಅವ್ವ ಹೊಗೆ ಕುಡಿದು ಕುಡಿದು, ಕೆಮ್ಮಿ ಕೆಮ್ಮಿ ಸತ್ತಾಗ ನಾನು ಎರಡನೇ ಕ್ಲಾಸು, ನೀನು ಏಳನೆಯದು. ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಬಂದವಳು ಯಾರು? ಬೀದಿಯಲ್ಲಿ ಒಬ್ಬರ ಮನೆಗೂ ಗ್ಯಾಸ್ ಬಾರದ ಕಾಲದಲ್ಲಿ, ಸಾಕಿದ್ದ ಕಡಸು ಮಾರಿ ಸಿಲಿಂಡರ್ ತಂದು, "ನನ್ ತಂಗೀನ ಒಲೆ ತಿಂತು, ಈ ಮಕ್ಳುನ್ನ ತಿನ್ನಕ್ ಬುಡಕಿಲ್ಲ" ಎಂದು ಒಳಗಿನ ಒಲೆಯನ್ನು ಹಾರೆಯಲ್ಲಿ ಒಡೆದವಳು ಯಾರು? ಆ ಮಣ್ಣನ್ನು ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಹಾಕಿದವನು ನೀನೇ. ಈ ವಿಷಯದಲ್ಲೇ ಸಂಶೋಧನೆ ಮಾಡುತ್ತೇನೆ ಎಂದು ಹೊರಟಾಗ ನೀನು ಅವ್ವನ ಹೆಸರು ಹೇಳಿ ಅತ್ತಿದ್ದೆ. ಆ ಫೋಟೋವನ್ನು ನೀನೇ ಹೇಳಿ ತೆಗೆಸಿದೆ ಎಂದು ನಾನು ಅನ್ನುವುದಿಲ್ಲ. ಆದರೆ ಅದು ನಿನ್ನ ಮುಂದೆ ಬಂತು, ನೋಡಿ ಒಪ್ಪಿದೆ. ಅದು ನೀರೊಲೆ ಎಂದು ನಿನಗೆ ಗೊತ್ತಾಗಲಿಲ್ಲವೇ? ಚಳಿಗಾಲದ ಬೆಳಿಗ್ಗೆ ಅದರ ಮುಂದೆಯೇ ಕೂತು ಪಿಯುಸಿ ಓದಿದವನು ನೀನು! ಗೊತ್ತಾಗಿಯೂ ಸುಮ್ಮನಿದ್ದೆಯಾದರೆ ಅದಕ್ಕೆ ನನ್ನ ಹತ್ತಿರ ಪದವಿಲ್ಲ.

ಫೋನಿನಲ್ಲಿ ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ಅದು ಒಬ್ಬರ ಬಗ್ಗೆ ಅಲ್ಲ ಅರ್ಪಿತ, ಪ್ರಾತಿನಿಧಿಕ ಚಿತ್ರ. ದೊಡ್ಡವ್ವ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾಳೆ." ಹೌದು, ಒತ್ತಿದ್ದಾಳೆ. ನಿನ್ನ ಹೆಸರು ಹೇಳಿದರೆ ಅವಳು ಖಾಲಿ ಹಾಳೆಗೂ ಒತ್ತುತ್ತಾಳೆ. ಅದನ್ನು ಒಪ್ಪಿಗೆ ಅಂತೀಯ?

ಅದೇ ವಾರ ಬುಧವಾರ ನಾನು ಸ್ಕೂಲಿಗೆ ರಜೆ ಹಾಕಿ ದೊಡ್ಡವ್ವನನ್ನೂ ಕರೆದುಕೊಂಡು ನಂಜನಗೂಡಿಗೆ ಹೋದೆ. ಫ್ಲೆಕ್ಸ್ ಹಾಕಿದವರಿಗೆ ಫೋನ್ ಮಾಡಿದರೆ ಮಾರ್ಚ್ ಕಳೆಯುವವರೆಗೂ ತೆಗೆಯುವ ಹಾಗಿಲ್ಲ ಅಂದರು. ಹೂವಿನವಳ ಹತ್ತಿರ ಸ್ಟೂಲು, ಕತ್ತರಿ ಎರಡನ್ನೂ ಕೇಳಿ ಪಡೆದೆ. ಹತ್ತಿದೆ. ಜನ ಸೇರಿದರು. ಕತ್ತರಿಸಿದೆ, ದೊಡ್ಡವ್ವನ ಮುಖದಷ್ಟನ್ನೇ. ನನ್ನ ಗುರುತಿದ್ದ ಹೆಡ್ ಕಾನ್‌ಸ್ಟೇಬಲ್ ಬಂದು "ಮೇಡಂ, ಮೇಷ್ಟ್ರ ಕೆಲ್ಸದಲ್ಲಿರೋರು ನೀವು, ಇದೇನ್ ಮಾಡ್ತಿದ್ದೀರಿ? ಇಳೀರಿ ಮೊದ್ಲು" ಅಂದರು. ಇಳಿದು, ಕತ್ತರಿಸಿದ ತುಂಡನ್ನು ದೊಡ್ಡವ್ವನ ಪಕ್ಕದಲ್ಲಿ ಹಿಡಿದು, "ಸಾರ್, ಇದು ಇವರ ಮುಖ. ವಾಪಸ್ ತಗೊಂಡಿದ್ದೀನಿ" ಅಂದೆ. ಅವರು ಎರಡನ್ನೂ ನೋಡಿದರು. ದೊಡ್ಡವ್ವ ತಲೆ ಎತ್ತಲಿಲ್ಲ. "ಕರ್ಕೊಂಡ್ ಓಗಿ ಅವ್ರನ್ನ" ಎಂದು ಜನರನ್ನು ಚದುರಿಸಿದರು. ಈಗ ಆ ಫ್ಲೆಕ್ಸಿನಲ್ಲಿ ನಿಮ್ಮ ಸಂಸ್ಥೆಯ ಹೆಸರಿದೆ, ಘೋಷಣೆ ಇದೆ, ನಡುವೆ ತೂತಿದೆ. ನನ್ನ ಮೇಲೆ ಕೇಸ್ ಹಾಕಬೇಕೆಂದಿದ್ದರೆ ಹಾಕಿಸು. ಕವಲಂದೆಯಲ್ಲೂ ಒಂದಿದೆಯಂತೆ. ಅದನ್ನು ನಾನು ಕತ್ತರಿಸುವುದಿಲ್ಲ. ಅದಕ್ಕೆ ನೀನೇ ಬರಬೇಕು.

ಇನ್ನೊಂದು ಮಾತು. ನೀವು ಪುಣೆಯಲ್ಲಿ ಕೂತು ಜನರ ನಡವಳಿಕೆ ಬದಲಾಯಿಸುತ್ತೀರಲ್ಲ, ಬದಲಾಗಿದೆ. ಆಶಾ ಕಾರ್ಯಕರ್ತೆ ಶಾಂತಿ ಬಿಪಿ ನೋಡಲು ಹೋದರೂ ದೇವನೂರಿನ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದಾರೆ. "ಪಟ ಇಡ್ಯೋರು ಬಂದ್ರು" ಅನ್ನುತ್ತಾರಂತೆ. ಎಷ್ಟೋ ವರ್ಷ ಮನೆ ಮನೆ ತಿರುಗಿ ಆ ಹುಡುಗಿ ಗಳಿಸಿದ ನಂಬಿಕೆಯನ್ನು ಒಂದು ಫೋಟೋದಲ್ಲಿ ಕೆಡಿಸಿದಿರಿ. ಇದನ್ನೂ ನಿಮ್ಮ ವರದಿಯಲ್ಲಿ ಬರೆಯಿರಿ.

ಅತ್ತಿಗೆಗೆ ನನ್ನ ನಮಸ್ಕಾರ, ಶಿವಾನಿಗೆ ಮುತ್ತು. ನಂಜುಂಡ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಸಿಟ್ಟು ಇಳಿದ ಮೇಲೆ ಕಾಗದ ಬರೆಯಬೇಕಿತ್ತು. ಇಳಿಯಲಿಲ್ಲ.

ನಿನ್ನ ತಂಗಿ,
ಅರ್ಪಿತ

ಮರೆತಿದ್ದೆ ಎಂದು ಸುಳ್ಳು ಬರೆಯುವುದಿಲ್ಲ, ಇದನ್ನು ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟೆ. ದೊಡ್ಡವ್ವನಿಗೆ ಜನವರಿಯಿಂದ ಸಂಜೆ ಸಂಜೆ ಜ್ವರ ಬರುತ್ತಿದೆ, ಇಳಿದುಹೋಗಿದ್ದಾಳೆ. ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಲೇಬೇಕು ಎಂದು ಬರೆದುಕೊಟ್ಟಿದ್ದಾರೆ. ರುದ್ರೇಶ ಎರಡು ಸಲ ಆಟೋ ತಂದು ನಿಲ್ಲಿಸಿದ. ಅವಳು ಏಳುವುದಿಲ್ಲ. "ಮೊಕದ್ ಪಟ ಇಡ್ದು ಬಸ್ ಸ್ಟ್ಯಾಂಡಲ್ಲಿ ನೇತಾಕುದ್ರು. ಎದೆ ಒಳಗಿಂದ್ ಇಡ್ದು ಎಲ್ಲಿ ನೇತಾಕ್ತಾರೋ" ಅನ್ನುತ್ತಾಳೆ. ನಾನು ಅತ್ತು ಕೇಳಿದೆ, ಬೈದು ಕೇಳಿದೆ. ಒಂದೇ ಹಟ: "ಮಲ್ಲಿ ಬಂದು ಕೈ ಇಡ್ಕೊಂಡ್ರೆ ಬತ್ತೀನಿ." ಅಣ್ಣಾ, ಅವಳಿಗೆ ಇನ್ನೂ ನಿನ್ನ ಮೇಲೆ ಸಿಟ್ಟು ಬಂದಿಲ್ಲ. ಈ ಕಾಗದ ಸಿಕ್ಕಿದ ದಿನವೇ ಹೊರಡು.