ವಕೀಲರ ಪಿಸ್ತೂಲು, ಮೊದಲು ಇದ್ದ ಹಾಗೆ

ಅಣ್ಣಾ,

ನಿನ್ನ ತಂಗಿ ಬರೆಯುತ್ತಿದ್ದೇನೆ. ಇವತ್ತು ನನ್ನ ಹೊಟ್ಟೆ ತಣ್ಣಗಾಗಿದೆ. ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಅವ್ವನಿಗೆ ಹೇಳಿದರೆ ಬೈಯುತ್ತಾಳೆ.

ಯಾದಗಿರಿಯ ವಕೀಲರು ಆ ಪಿಸ್ತೂಲನ್ನು ರಂಗಂಪೇಟೆಯ ನಮ್ಮ ಅಂಗಡಿಗೆ ತಂದ ದಿನ ನೆನಪಿದೆಯಾ? ನಿಜಾಮರ ಆಳ್ವಿಕೆ ಮುಗಿದು ಊರಿನ ಬಂದೂಕುಗಳೆಲ್ಲ ಠಾಣೆ ಸೇರಿದ್ದವು. ಕೈಯಲ್ಲಿ ರಿಪೇರಿಯ ಪರವಾನಗಿ ಇದ್ದರೂ ನೀನು ಬೀಗ, ಅಡಕತ್ತರಿ ಸರಿಮಾಡುತ್ತ ಕೂತಿದ್ದೆ. ವಕೀಲರದು ಸರಕಾರದ ಅಪ್ಪಣೆ ಪಡೆದು ಇಟ್ಟುಕೊಂಡದ್ದು, ಪಂದ್ಯದಲ್ಲಿ ಕಾಗದದ ಗುರಿಗೆ ಹೊಡೆಯುವ ಪಾಯಿಂಟ್ ಟೂ-ಟೂ, ಸಣ್ಣ ಗುಂಡಿನದು. ಮೈಯೆಲ್ಲ ತುಕ್ಕು ಹಿಡಿದು ಜಂಗು, ಹಿಡಿಕೆ ಸೀಳಿತ್ತು, ಬೆರಳಿಂದ ಎಳೆಯುವ ಕುದುರೆಯಂತೂ ಮರಳಲ್ಲಿ ಬಂಡಿ ಎಳೆದ ಹಾಗೆ ಬರುತ್ತಿತ್ತು. ನಿನ್ನ ಪದ್ಧತಿಯಂತೆ ನೀನು ಅದು ಬಂದ ಸ್ಥಿತಿಯನ್ನೆಲ್ಲ ಚೀಟಿಯಲ್ಲಿ ಬರೆದು ಅವರ ಸಹಿ ಹಾಕಿಸಿಕೊಂಡೆ. ತೆಗೆದ ಹಳೆಯ ಸ್ಪ್ರಿಂಗು, ಕುದುರೆ ಎಳೆದಾಗ ಜಾರುವ ಕೊಕ್ಕೆ ಎರಡನ್ನೂ ಅದೇ ಚೀಟಿಯಲ್ಲಿ ಸುತ್ತಿಟ್ಟೆ.

ನೀನು ದಿನಗಟ್ಟಲೆ ಹೊಸ ಕೊಕ್ಕೆಯನ್ನು ಸಾಣೆಕಲ್ಲಿಗೆ ತಾಗಿಸುವುದು, ಕಿವಿಯ ಹತ್ತಿರ ಹಿಡಿದು ಕುದುರೆಯ ಸದ್ದು ಕೇಳುವುದು, ತಲೆಯಾಡಿಸುವುದು, ಮತ್ತೆ ತಾಗಿಸುವುದು! ಹೊಳಪು ತರುವುದು ನನ್ನ ಪಾಲು. ಹಿಡಿಕೆಗೆ ಅಗಸೆ ಎಣ್ಣೆ ಕುಡಿಸಿದೆ, ಕಬ್ಬಿಣವನ್ನು ಅಂಗೈ ಸುಲಿಯುವ ತನಕ ತಿಕ್ಕಿದೆ. ಕಪ್ಪುನೀಲಿ ಬಣ್ಣ ಕೂತಾಗ ಅದರಲ್ಲಿ ನನ್ನ ಮೂಗುತಿ ಕಾಣುತ್ತಿತ್ತು.

"ಸಾಹೇಬ್ರ, ಇನ್ನ ಜಗ್ಗಬ್ಯಾಡ್ರಿ. ಬೆರಳ ಇಟ್ರ ಸಾಕು. ಒಂದ ತಿಂಗಳ ರೂಢಿ ಮಾಡ್ಕೊಂಡ ಪಂದ್ಯಕ್ಕ ಹೋಗ್ರಿ," ಎಂದೆ ನೀನು.

"ನನಗ ಕಲಸಾಕ ಬಂದಿ ಏನ?" ಎಂದರು ಅವರು.

ಪಂದ್ಯದ ಸಂಜೆ ನೀನು ಊಟ ಬಿಟ್ಟು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ವಕೀಲರು ಮೂರನೇ ದಿನಕ್ಕೇ ಪಂದ್ಯಕ್ಕೆ ಹೋಗಿದ್ದರು, ನೋಡಲು ನೀನೂ ಹೋಗಿದ್ದೆ. ಹಳೆಯ ಚಾಳಿಯಂತೆ ಜಗ್ಗಿದರು. ಗುರಿ ಹಿಡಿಯುವ ಮೊದಲೇ ಗುಂಡು ಹಾರಿ, ಪಂದ್ಯ ನೋಡಲು ಬಂದಿದ್ದ ಸರಕಾರಿ ದೊಡ್ಡ ಸಾಹೇಬರ ನೀರಿನ ಹೂಜಿ ಒಡೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟು ಜನರ ಮುಂದೆ ಪಿಸ್ತೂಲನ್ನು ನಿನ್ನ ಕಾಲಬುಡಕ್ಕೆ ಎಸೆದು, "ಹಾಳ ಮಾಡ್ಯಾನ. ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡ!" ಎಂದರಂತೆ. ಆಮೇಲೆ ಒಂದು ಅರ್ಜಿ ಬರೆದು ನಿನ್ನ ಪರವಾನಗಿಯನ್ನೂ ಕಿತ್ತುಕೊಂಡರು.

ಅದನ್ನಾದರೂ ಕ್ಷಮಿಸುತ್ತಿದ್ದೆನೇನೋ. ಆದರೆ ಜ್ವರದಲ್ಲಿ ಮಲಗಿದಾಗ ನೀನು ನನ್ನ ಕೈ ಹಿಡಿದು, "ತಂಗಿ, ಕೊಕ್ಕಿ ನಾನ ಜಾಸ್ತಿ ತಿಕ್ಕಿದ್ನೇನ?" ಎಂದು ಕೇಳಿದೆಯಲ್ಲ... ನಿನ್ನ ಕೈಯ ಮೇಲೆ ನಿನಗೇ ಅನುಮಾನ ಹುಟ್ಟಿಸಿ ಕಳಿಸಿದ ಆ ಮನುಷ್ಯನನ್ನು ನಾನು ಹೇಗೆ ಬಿಡಲಿ?

ನಿನ್ನನ್ನು ಮಣ್ಣು ಮಾಡಿ ವಾರವಾಗಿರಲಿಲ್ಲ, ವಕೀಲರ ನೋಟೀಸು ಬಂತು: ಮೊದಲು ಇದ್ದ ಹಾಗೆ ಮಾಡಿ ಹಿಂದಿರುಗಿಸತಕ್ಕದ್ದು. "ಬ್ಯಾಡ ಯವ್ವಾ, ದೊಡ್ಡವರ ಕೂಡ ಹಗಿ," ಎಂದಳು ಅವ್ವ. ಹಗೆ ಯಾಕೆ? ಕೇಳಿದ್ದನ್ನೇ ಕೊಡೋಣ ಎಂದೆ. ಚೀಟಿ ಬಿಚ್ಚಿ ಹಳೆಯ ಸ್ಪ್ರಿಂಗು, ಕೊಕ್ಕೆ ಹಾಕಿದೆ. ಉಪ್ಪುನೀರಿನ ಬಟ್ಟೆ ಸುತ್ತಿ ಜಂಗು ಹಿಡಿಸಿದೆ. ನಮ್ಮಿಬ್ಬರ ಹೊಳಪು ಸಾಯುವುದನ್ನು ನೋಡಿ ಅಳು ಬಂತು, ಸುಳ್ಳೇಕೆ ಹೇಳಲಿ. ಹಿಡಿಕೆಯಲ್ಲಿ ನೀನು ಬೆಸೆದಿದ್ದ ಸೀಳಂತೂ ಬಿಡಲೇ ಇಲ್ಲ. ಉಳಿ ಇಟ್ಟು ಹೊಡೆದರೆ ಪಕ್ಕದಲ್ಲಿ ಸೀಳಿತು, ಬೆಸುಗೆಯಲ್ಲಿ ಸೀಳಲಿಲ್ಲ.

ಯಾದಗಿರಿ ಕೋರ್ಟಿನಲ್ಲಿ ವಕೀಲರೆಲ್ಲ ಕೂರುವ ಕೋಣೆಗೆ ಒಬ್ಬಳೇ ಹೋಗಿ ಅವರ ಮೇಜಿನ ಮೇಲಿಟ್ಟೆ.

"ಏನಿದು? ಪೂರಾ ಜಂಗ ಹತ್ಯಾದ!"

"ಮೊದಲ ಹಿಂಗ ಇತ್ರಿ. ನೀವ ಸಹಿ ಮಾಡೀರಿ, ನೋಡ್ರಿ."

ನೀನು ಕಲಿಸಿದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಚೀಟಿ ಓದಿದೆ. ಜಂಗು, ಸೀಳು, ಬಿಗಿ ಕುದುರೆ. ಮೂಲೆಯಲ್ಲಿದ್ದ ಮುದಿ ವಕೀಲರೊಬ್ಬರು ಕನ್ನಡಕ ಏರಿಸಿ, "ಸಹಿ ನಿಮ್ಮದ ಅದ ಅಲ್ರಿ?" ಎಂದರು. ಕೋಣೆಯೇ ನಕ್ಕಿತು. ಮರುವರ್ಷದ ಪಂದ್ಯದಲ್ಲಿ ಆ ಪಿಸ್ತೂಲಿನ ವಕೀಲರದು ಕಟ್ಟಕಡೆಯ ಸ್ಥಾನ. ಕೇಳಿ ಪಕ್ಕದ ಮನೆಗೂ ಬೆಲ್ಲ ಹಂಚಿದೆ.

ಇವತ್ತು ಬೆಳಿಗ್ಗೆ ಅದೇ ಮನುಷ್ಯ ಪಿಸ್ತೂಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. "ನಿಮ್ಮಣ್ಣ ಮಾಡಿದ್ನಲ್ಲ, ಹಂಗ ಮತ್ತ ಮಾಡಿ ಕೊಡ್ತಿ ಏನವಾ? ಅವನ ಕೈಯಾಗ ತಪ್ಪ ಇರಲಿಲ್ಲ. ನಾನ ಅವಸರ ಮಾಡ್ದೆ."

"ಕೇಳಸಲಿಲ್ರಿ. ಜೋರ ಹೇಳ್ರಿ."

ಓಣಿಯೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದರು. ಕೇಳಿಸಿತಾ ಅಣ್ಣಾ? ನೀನು ಜಾಸ್ತಿ ತಿಕ್ಕಿರಲಿಲ್ಲ.

ನಿನ್ನ ಕೊಕ್ಕೆ ನನ್ನ ಹತ್ತಿರವೇ ಇದೆ, ಅದನ್ನು ಕೂರಿಸುವುದು ಒಂದು ತಾಸಿನ ಕೆಲಸ. ಆದರೂ ನಾನು ಅಂದೆ: "ಆ ಕೈ ಮಣ್ಣಾಗ ಅದರಿ, ಸಾಹೇಬ್ರ. ಅಲ್ಲೇ ಹೋಗಿ ಕೇಳ್ರಿ."

ಅವರೇನಾದರೂ ಅಲ್ಲಿಗೂ ಬಂದು ಕೈಮುಗಿದರೆ, ನಿನ್ನ ಮನಸ್ಸು ಮೆತ್ತಗೆ, ನನಗೆ ಗೊತ್ತು. ನನ್ನಾಣೆ ಅಣ್ಣಾ, ಒಪ್ಪಿಕೊಳ್ಳಬೇಡ.