ಪ್ರಧಾನರ ಕುರ್ಚಿ

ಅಕ್ಟೋಬರ್ 28, 2008, ಮಂಗಳವಾರ

ಆರೂವರೆಗೆ ಅಲಾರಂ. ಆಫ್ ಮಾಡುವುದನ್ನು ಮತ್ತೆ ಮರೆತಿದ್ದೆ. ಮಾರಿಸ್‌ಟೌನ್ ಆಫೀಸಿನಲ್ಲಿ ಲೇಆಫ್ ಆಗಿ ಹನ್ನೊಂದು ದಿನ. ಜಪಾನಿ ಕಾದಂಬರಿಯೊಂದರ ಅನುವಾದ ಅರ್ಧ ಓದಿ ಮುಗಿಸಿದೆ. ಪಾತ್ರ ಸುಮ್ಮನಿದ್ದ ಕಡೆ ಅನುವಾದಕರು ಕಾರಣ ವಿವರಿಸಿದ್ದಾರೆ. ಬೇಕಿರಲಿಲ್ಲ.

ಕನ್ನಡ ಸಂಘದ ಶ್ರೀನಿ ಫೋನ್ ಮಾಡಿದ್ದರು. "ಹೇಗೂ ಈಗ ಫ್ರೀ ಇದೀರಲ್ಲ ಮಾಧವಿಯವರೇ, ಸನ್ಮಾನಪತ್ರ ಬರೆದು ನೀವೇ ಓದಿಬಿಡಿ."

ರಾಜ್ಯೋತ್ಸವಕ್ಕೆ. ಸನ್ಮಾನ ಕೆಂಡಲ್ ಪಾರ್ಕ್ ಊರಿನಲ್ಲಿ ಮಗಳ ಮನೆಯಲ್ಲಿರುವ ಕೆಂಪಮ್ಮನವರಿಗೆ. 1987ರಲ್ಲಿ ತಮ್ಮ ಮಂಡಲ ಪಂಚಾಯಿತಿಯ ಪ್ರಧಾನರಾದ ಮೊದಲ ಹೆಂಗಸು. ಒಪ್ಪಿಕೊಂಡೆ. 'ಫ್ರೀ' ಅಂದದ್ದು ಸ್ವಲ್ಪ ಚುಚ್ಚಿತು.

ಅಕ್ಟೋಬರ್ 30

ಬರೆದದ್ದನ್ನು ಓದಿ ತೋರಿಸಲು ಅವರ ಮನೆಗೆ ಹೋದೆ. ಕೆಂಪಮ್ಮನವರು ಬೀನ್ಸ್ ನಾರು ತೆಗೆಯುತ್ತ 'ಧೀಮಂತ ನಾರೀರತ್ನ', 'ಸಮಾಜದ ನಂದಾದೀಪ' ಎಲ್ಲ ಕೇಳಿದರು.

"ಸೊಗಸಾಗೈತೆ. ಯಾರ್ ಬಗ್ಗೆ ಬರ್ದಿದೀಯವ್ವ?"

ಹಾಳೆ ಮಡಚಿಟ್ಟೆ. ಆಮೇಲೆ ಅವರೇ ಹೇಳಿದರು. ಮೊದಲ ಆರು ತಿಂಗಳು ಪ್ರಧಾನರ ಕುರ್ಚಿಯಲ್ಲಿ ಕೂರುತ್ತಿದ್ದವರು ಅವರ ಯಜಮಾನರು. ಇವರು ಬಾಗಿಲ ಬಳಿ ನಿಂತಿರುವುದು, ತೋರಿಸಿದ ಕಡೆ ರುಜು ಹಾಕುವುದು. ಒಂದು ಸೋಮವಾರ ಮುಂಚೆಯೇ ಹೋಗಿ ಕೂತರಂತೆ.

"ಅವ್ರು ಬಂದ್ರು, ನಿಂತ್ರು. ನಾನು ಏಳ್ನಿಲ್ಲ. ಜವಾನನ್ನ ಕರ್ದು, ನಮ್ ಯಜಮಾನ್ರಿಗೂ ಒಂದ್ ಕುರ್ಚಿ ತಗೊಂಬಾರಪ್ಪ ಅಂದೆ. ಅಷ್ಟೇ ಕಣವ್ವ. ರಸ್ತೆ, ಸ್ಕೂಲು ಎಲ್ಲ ಆಮೇಲಾಗಿದ್ದು."

ನವೆಂಬರ್ 9, ಭಾನುವಾರ

ಕಮಿಟಿ ಮೀಟಿಂಗ್, ಶ್ರೀನಿಯವರ ಬೇಸ್‌ಮೆಂಟಿನಲ್ಲಿ. ಈ ವರ್ಷ ಸ್ಪಾನ್ಸರ್ ಯಾರೂ ಇಲ್ಲ; ಹೋಟೆಲ್ ಬದಲು ಒಂದು ಸ್ಕೂಲಿನ ಹಾಲ್. ವೇದಿಕೆಗೆ ಐದು ಮೆಟ್ಟಿಲು. ಕೆಂಪಮ್ಮನವರ ಮಂಡಿ ಅದಕ್ಕೆ ಒಪ್ಪದು. ಹಾಗಾಗಿ ಅಳಿಯ ನಂಜುಂಡಸ್ವಾಮಿ ಮೇಲೆ ಕೂತು ಶಾಲು ಹೊದೆಸಿಕೊಳ್ಳುವುದು, ಅತ್ತೆ ಕೆಳಗಿನಿಂದ ನೋಡುವುದು.

"ಫೋಟೋನೂ ಚೆನ್ನಾಗ್ ಬರುತ್ತೆ," ಅಂದರು ಶ್ರೀನಿ.

ಎಲ್ಲರೂ ಹೂಂ ಅಂದರು. ಹೊಸದಾಗಿ ಬರೆದ ಸನ್ಮಾನಪತ್ರ ನನ್ನ ತೊಡೆಯ ಮೇಲೇ ಇತ್ತು. ಅದು ಶುರುವಾಗುವುದೇ ಕುರ್ಚಿಯ ಆ ಸೋಮವಾರದಿಂದ. ಬಾಯಿ ಬಿಡಲಿಲ್ಲ.

ನವೆಂಬರ್ 13

ಅವರಿಗೆ ವಿಷಯ ತಿಳಿಸಿದೆ.

"ಅಳಿಯಂದ್ರು ಒಳ್ಳೇವ್ರು. ಈಸ್ಕೊಳ್ಲಿ ಬಿಡು." ಮಂಡಿ ನೀವಿಕೊಳ್ಳುತ್ತ, "ನಂಗೆ ಬಾಗ್ಲತ್ರ ಜಾಗ ಇಟ್ಬಿಡು ಮಗ. ಅಭ್ಯಾಸ ಐತೆ."

ಅವರ ಡ್ರೈವ್‌ವೇಯಲ್ಲಿ ಕಾರು ಸ್ಟಾರ್ಟ್ ಮಾಡದೆ ಕೂತಿದ್ದೆ. ಕಮಿಟಿಗೆ ಈಮೇಲ್ ಬರೆದೆ, ಮನೆಗೆ ಬಂದು. ಕಳಿಸಲಿಲ್ಲ.

ನವೆಂಬರ್ 22, ಶನಿವಾರ

ವೇದಿಕೆಯ ಮೇಲೆ ಒಂದೇ ಒಂದು ಕುರ್ಚಿ - ಮದುವೆ ಗಂಡಿಗೆ ಹಾಕುವಂಥದು, ಕೆಂಪು ಮಖಮಲ್ಲು. ನಂಜುಂಡಸ್ವಾಮಿ ಕೂತರು. ಕೆಂಪಮ್ಮನವರು ಕೆಳಗೆ, ಬಾಗಿಲ ಪಕ್ಕ.

ಓದತೊಡಗಿದೆ. "ನಮ್ಮ ಯಜಮಾನರಿಗೂ ಒಂದು ಕುರ್ಚಿ ತಗೊಂಡು ಬಾ..." ಅಲ್ಲಿ ನಿಲ್ಲಿಸಿದೆ. ಬೇಕೆಂದೇ. ನಂಜುಂಡಸ್ವಾಮಿಯವರ ಕಡೆ ತಿರುಗಿದೆ. ಏನೂ ವಿವರಿಸಲಿಲ್ಲ.

ಅವರು ತಾವು ಕೂತ ಕುರ್ಚಿಯ ಕೈ ನೋಡಿದರು. ಎದ್ದರು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

"ಸ್ವಾಮಿ, ಲೈಟಿಂಗೆಲ್ಲ ಮೇಲಿದೆ," ಅಂದರು ಶ್ರೀನಿ.

"ಇರ್ಲಿ ಬಿಡಿ. ನಂಗೆ ಈ ವಿಷ್ಯ ಗೊತ್ತೇ ಇರ್ಲಿಲ್ಲ," ಅಂದರು ಅಳಿಯ. ಅತ್ತೆಯ ಮುಂದೆ ಕುರ್ಚಿ ಇಟ್ಟು ಪಕ್ಕಕ್ಕೆ ನಿಂತರು.

ಕೆಂಪಮ್ಮನವರು ಕೂತರು. ಸೆರಗು ಸರಿಮಾಡಿಕೊಂಡರು. ತಲೆಯೆತ್ತಿ ನನಗೆ ಹೇಳಿದರು: "ನಮ್ ಅಳಿಯಂದ್ರಿಗೂ ಒಂದ್ ಕುರ್ಚಿ ತಗೊಂಬಾರವ್ವ."

ಮಡಚುವ ಕುರ್ಚಿಯೊಂದನ್ನು ತಂದು ಹಾಕಿದೆ. ಉಳಿದದ್ದನ್ನು ಅಲ್ಲೇ, ಅವರೆದುರು ಓದಬೇಕೆನಿಸಿತು. ವೇದಿಕೆಯ ಮೈಕ್ ತರಲು ಹೋದರೆ ವಯರು ಅಷ್ಟು ದೂರ ಬರಲಿಲ್ಲ. ಇಷ್ಟು ಜನರ ಮುಂದೆ ಎಂದೂ ದನಿ ಎತ್ತಿದವಳಲ್ಲ. ಮೈಕ್ ಕೆಳಗಿಟ್ಟು ಅವರೆದುರು ನಿಂತೆ, ಉಸಿರು ತೆಗೆದುಕೊಂಡು ಇಡೀ ಹಾಲ್‌ಗೆ ಕೇಳುವಂತೆ ಓದಿದೆ.